ಎಲ್ಲಕ್ಕೂ ಶಕ್ತ, ಪ್ಲೇಟು ಎತ್ತಿಡೋದೊಂದು ಬಿಟ್ಟು

ಬೆಳಗಿನ ಆರೂವರೆ. ಬೆಳಗಾವಿ ಕ್ಯಾಂಪಿನ ರಸ್ತೆಯಲ್ಲಿ ಮಿಲಿಟರಿ ಹುಡುಗರು ಓಟ ಮುಗಿಸಿ ಬೆವರು ಒರೆಸಿಕೊಳ್ಳುವ ಹೊತ್ತು. ಜಿಮ್ಮಿನ ಶಟರ್ ಎತ್ತಿ ಅರ್ಧ ಗಂಟೆಯೂ ಆಗಿಲ್ಲ, ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಮಷೀನಿನ ಮೇಲೆ ಆಗಲೇ ಇಪ್ಪತ್ತರ ಎಂಟು ಪ್ಲೇಟು ಕೂತಿವೆ. ಆ ಕಡೆ ನಾಲ್ಕು, ಈ ಕಡೆ ನಾಲ್ಕು, ಒಟ್ಟು 160 ಕೆಜಿ. ಹಾಕಿದವರು ಯಾರು ಅಂತ ವಿಚಾರಿಸುವ ಅಗತ್ಯವಿಲ್ಲ. ಕನ್ನಡಿ ಮುಂದೆ ಮೊಬೈಲ್ ಹಿಡಿದು ತೋಳು ಮಡಚಿ ನಿಂತಿರುವ ಬ್ರದರ್‌ನ ಬನಿಯನ್ ಹಿಂದೆ ದಪ್ಪ ಅಕ್ಷರದಲ್ಲಿ ಬರೆದಿದೆ: ಫಿಲಿಪ್ಪಿ 4:13. ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುವ ಬೈಬಲ್ ವಚನ.

ಎಲ್ಲಕ್ಕೂ ಅಂದರೆ ಎಲ್ಲಕ್ಕೂ. ಪ್ಲೇಟು ಬಿಚ್ಚಿ ಸ್ಟ್ಯಾಂಡಿಗೆ ಹಾಕೋದಕ್ಕೆ ಅದರಲ್ಲಿ ವಿನಾಯಿತಿ ಇರೋದು ಯಾವ ಭಾಷಾಂತರದಲ್ಲೂ ಕಾಣೋದಿಲ್ಲ. ಅಷ್ಟಕ್ಕೂ ಅಪೊಸ್ತಲ ಪೌಲ ಆ ಮಾತು ಬರೆದಿದ್ದು ಸೆರೆಯಲ್ಲಿ ಕೂತು. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರೋದನ್ನ ಕಲಿತಿದ್ದೇನೆ ಅಂತ ಹಿಂದಿನ ವಚನದಲ್ಲೇ ಹೇಳುತ್ತಾನೆ. ಲೆಗ್ ಪ್ರೆಸ್ಸಿನ ಸುದ್ದಿ ಅಲ್ಲಿಲ್ಲ.

ಬ್ರದರ್ ಆದ ಮೇಲೆ ಆ ಮಷೀನಿಗೆ ಬರೋರು ರಿಟೈರ್ ಆದ ಟೀಚರ್ ಅಕ್ಕಾರು. ಮಂಡಿಗೆ ಬಲ ಬರಲಿ ಅಂತ ಡಾಕ್ಟರ್ ಹೇಳಿದ್ದಕ್ಕೆ ಅವರು ಮಾಡೋದು ಖಾಲಿ ಮಷೀನಿನಲ್ಲಿ ಹನ್ನೆರಡರ ಮೂರು ಸೆಟ್ಟು, ಅಷ್ಟೇ. ಆ ಖಾಲಿ ಮಷೀನು ಸಿಗಬೇಕಾದರೆ ಮೊದಲು 160 ಕೆಜಿ ಇಳಿಸಬೇಕು. ವಾರ್ಮ್‌ಅಪ್‌ಗೂ ಮೊದಲೇ ವರ್ಕೌಟ್ ಮುಗಿದು ಹೋಗುತ್ತದೆ. ಅದೂ ಮಂಡಿಯದಲ್ಲ, ಸೊಂಟದ್ದು.

ಇಳಿಸೋದಕ್ಕೂ ಒಂದು ರೀತಿ ಇದೆ, ಯಾರೂ ಹೇಳಿಕೊಡೋದಿಲ್ಲ. ಮಷೀನಿನ ಲಾಕ್ ಬಿದ್ದಿದೆಯಾ ಅಂತ ಮೊದಲು ನೋಡಬೇಕು. ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಒಂದೇ ಕಡೆಯದೆಲ್ಲ ಬಿಚ್ಚೋ ಚಟ, ಮಲಗಿ ರಾಡು ಎತ್ತುವ ಬೆಂಚ್ ಪ್ರೆಸ್ಸಿನಲ್ಲಿ ಜೀವಕ್ಕೇ ಬರುತ್ತದೆ. ಕಂಬಗಳ ನಡುವಿನ ಅಂತರ ಕಡಿಮೆ ಇರುವ ಬೆಂಚಿನಲ್ಲಿ ಒಂದು ಕಡೆ ಇಪ್ಪತ್ತರ ಎರಡು ಪ್ಲೇಟು, ಇನ್ನೊಂದು ಕಡೆ ಖಾಲಿ ಇದ್ದರೆ ಸಾಕು, ಇಪ್ಪತ್ತು ಕೆಜಿಯ ರಾಡು ತಕ್ಕಡಿಯ ಹಾಗೆ ಎದ್ದು ಪಕ್ಕದಲ್ಲಿದ್ದವರ ಗದ್ದಕ್ಕೆ ಬಡಿಯುತ್ತದೆ. ತೆಗೆದ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಹೊಟ್ಟೆಗೆ ಅವುಚಿಕೊಂಡು ಒಯ್ಯಬೇಕು. ಇಪ್ಪತ್ತರವು ಸ್ಟ್ಯಾಂಡಿನ ಕೆಳಗಿನ ಗೂಟಕ್ಕೆ, ಚಿಕ್ಕವು ಮೇಲಕ್ಕೆ. ತಲೆಕೆಳಗಾಗಿ ಹಾಕಿದರೆ ಸ್ಟ್ಯಾಂಡೇ ಮಗುಚುತ್ತದೆ.

ಬೈಬಲಿನಲ್ಲಿ ಇವರಿಗೊಬ್ಬ ಹಿರಿಯಣ್ಣ ಇದ್ದಾನೆ. ಸಂಸೋನ ಗಾಜಾ ಊರಿನ ಬಾಗಿಲನ್ನು ಕಂಬ, ಅಗುಳಿ ಸಮೇತ ಕಿತ್ತು ಹೆಗಲ ಮೇಲಿಟ್ಟುಕೊಂಡು ಹೆಬ್ರೋನಿನ ಎದುರಿನ ಗುಡ್ಡದ ತುದಿಗೆ ಹೊತ್ತೊಯ್ದ ಅಂತ ನ್ಯಾಯಸ್ಥಾಪಕರು 16ರಲ್ಲಿದೆ. ವಾಪಸ್ ತಂದಿಟ್ಟ ಅಂತ ಎಲ್ಲೂ ಇಲ್ಲ. ಮರುದಿನ ಬೆಳಿಗ್ಗೆ ಗಾಜಾದ ಯಾವನೋ ಕೂಲಿಯವನು ಆ ಗುಡ್ಡ ಹತ್ತಿ ಏನು ಬೈದಿರಬಹುದೋ, ಪುಣ್ಯಕ್ಕೆ ಯಾರೂ ಬರೆದಿಟ್ಟಿಲ್ಲ.

ಪೌಲನದೇ ಇನ್ನೊಂದು ಪತ್ರವಾದ ಗಲಾತ್ಯದ ಆರನೇ ಅಧ್ಯಾಯವನ್ನು ಜಿಮ್ಮಿನ ಗೋಡೆಗೆ ಅಂಟಿಸಬಹುದು. ಎರಡನೇ ವಚನ, ಒಬ್ಬರ ಭಾರ ಒಬ್ಬರು ಹೊರಿರಿ. ಐದನೇ ವಚನ, ಅವರವರ ಹೊರೆ ಅವರವರೇ ಹೊರಬೇಕು. ಮೂರು ವಚನದ ಅಂತರದಲ್ಲಿ ಪೌಲ ಮಾತು ಬದಲಿಸಿದನಾ ಅಂತ ಅನುಮಾನ ಪಡಬೇಕಿಲ್ಲ. ಗ್ರೀಕಿನಲ್ಲಿ ಎರಡು ಬೇರೆ ಪದಗಳಿವೆ: ಮೊದಲನೆಯದು ಬಾರೋಸ್, ಮನುಷ್ಯನನ್ನು ಕುಗ್ಗಿಸುವ ಭಾರ, ಎರಡನೆಯದು ಫೋರ್ತಿಯೋನ್, ಅವರವರು ಹೊರಬೇಕಾದ ಗಂಟು. ಜಿಮ್ಮಿನ ಭಾಷೆಯಲ್ಲಿ ಮೊದಲನೆಯದು ಸ್ಪಾಟಿಂಗು, ಅಂದರೆ ಭಾರ ಎತ್ತುವವನಿಗೆ ಆಸರೆಯಾಗಿ ನಿಲ್ಲೋದು; ಎರಡನೆಯದು ಪ್ಲೇಟು ಎತ್ತಿಡೋದು. ನಮ್ಮವರು ಇದನ್ನು ತಿರುಗಾಮುರುಗಾ ಓದಿಕೊಂಡಿದ್ದಾರೆ.

ಸ್ಪಾಟಿಂಗ್ ಅನ್ನೇ ನೋಡಿ. ತಲೆಯ ಹಿಂದೆ ನಿಂತು, ಕೈಯನ್ನು ರಾಡಿನ ಕೆಳಗೆ ಮುಟ್ಟಿಯೂ ಮುಟ್ಟದ ಹಾಗೆ ಇಟ್ಟುಕೊಂಡು, ರಾಡು ನಿಂತರೆ ಅಥವಾ ಕೆಳಗೆ ಸರಿದರೆ ಮಾತ್ರ ಹಿಡಿಯಬೇಕು. ಇಲ್ಲಿ ಮೊದಲ ರೆಪ್ಪಿನಿಂದಲೇ "ಎತ್ತ ಎತ್ತ, ನಿಂದ ಐತಿ, ನಿಂದ ಐತಿ!" ಅಂತ ಕೂಗುತ್ತಾ ರಾಡನ್ನು ಜಗ್ಗುತ್ತಾರೆ. ಮಲಗಿದವನಿಗೆ 80 ಕೆಜಿ ಎತ್ತಿದ ಖುಷಿ, ನಿಂತವನಿಗೆ ಮೂವತ್ತು ಕೆಜಿಯ ಬೈಸೆಪ್ಸ್. ಸ್ಪಾಟರ್ ಇಲ್ಲದೆ ಒಬ್ಬರೇ ಬೆಂಚ್ ಮಾಡುವವರು ರಾಡಿಗೆ ಪ್ಲೇಟು ಜಾರದಂತೆ ಹಿಡಿಯುವ ಕ್ಲಿಪ್ ಹಾಕಬಾರದು. ಸಿಕ್ಕಿಬಿದ್ದರೆ ರಾಡು ವಾಲಿಸಿ ಪ್ಲೇಟು ಜಾರಿಸಿಕೊಳ್ಳಬಹುದು. ಸದ್ದಾಗುತ್ತದೆ, ಮರ್ಯಾದೆ ಹೋಗುತ್ತದೆ, ಎದೆ ಉಳಿಯುತ್ತದೆ.

ಉಸಿರಿನ ವಿಷಯದಲ್ಲೂ ಭಕ್ತಿಗೂ ವಿದ್ಯೆಗೂ ಜಗಳ. ಹೆಗಲ ಮೇಲೆ ರಾಡು ಹೊತ್ತು ಕೂತು ಏಳುವ ಸ್ಕ್ವಾಟಿನಲ್ಲಿ ಮೇಲೆ ನಿಂತಾಗಲೇ ಹೊಟ್ಟೆಗೆ ಉಸಿರು ತುಂಬಿ, ಬಿಗಿ ಹಿಡಿದು ಇಳಿದು, ಏಳುವಾಗ ಕಷ್ಟದ ಜಾಗ ದಾಟಿದ ಮೇಲೆ ಬಿಡಬೇಕು. ಒಳಗಿನ ಆ ಒತ್ತಡವೇ ಬೆನ್ನುಮೂಳೆಗೆ ಆಸರೆ. ಬ್ರದರ್ ಸರಿಯಾಗಿ ತಳ ಮುಟ್ಟಿದಾಗ "ಹಲ್ಲೆಲೂಯಾ" ಅಂತ ಕೂಗಿ ಇದ್ದಬಿದ್ದ ಗಾಳಿಯನ್ನೆಲ್ಲ ಬಿಟ್ಟುಬಿಡುತ್ತಾನೆ. ಬೆನ್ನು ಬಿಲ್ಲಾಗುತ್ತದೆ. ಸ್ತೋತ್ರ ಮೇಲೆ ಬಂದ ನಂತರ ಹೇಳಿದರೂ ದೇವರಿಗೆ ಕೇಳಿಸುತ್ತದೆ. (ಬಿ.ಪಿ. ಇದ್ದವರು ಉಸಿರು ಕಟ್ಟುವ ಮೊದಲು ಡಾಕ್ಟರನ್ನು ಕೇಳಿಕೊಳ್ಳಬೇಕು.)

ಸೆಟ್ಟಿನ ನಡುವೆ ಗಡಿಯಾರ ನೋಡುವ ಬದಲು ಕೀರ್ತನೆ ಓದಿಕೊಳ್ಳೋದು ಒಳ್ಳೆಯ ಅಭ್ಯಾಸ. ಇಪ್ಪತ್ತಮೂರನೇ ಕೀರ್ತನೆಗೆ ಆರೇ ವಚನ, ನಿಧಾನವಾಗಿ ಓದಿದರೆ ಸುಮಾರು ಒಂದು ನಿಮಿಷ. ಹಗುರ ಸೆಟ್ಟಿಗೆ ಒಂದು ಸಲ, ಭಾರದ ಸೆಟ್ಟಿಗೆ ಮೂರು ಸಲ. ಅಷ್ಟರಲ್ಲಿ ಸ್ನಾಯು ತಯಾರು, ಮನಸ್ಸೂ ತಯಾರು. ಆದರೆ ಇರುವ ಒಂದೇ ಸ್ಕ್ವಾಟ್ ರ‍್ಯಾಕನ್ನು ಹಿಡಿದುಕೊಂಡು 119ನೇ ಕೀರ್ತನೆ ಶುರು ಮಾಡೋರಿದ್ದಾರೆ. ಅದರಲ್ಲಿ 176 ವಚನ. ಹಿಂದೆ ನಿಂತವರು ಆಫೀಸಿಗೆ ಹೋಗಬೇಡವೇ?

ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನಗಳಲ್ಲಿ ಇನ್ನೊಂದು ತರಹ. ಮೊದಲ ದಿನವಾದ ಬೂದಿ ಬುಧವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜೀವಮಾನದ ದಾಖಲೆಯ ಡೆಡ್‌ಲಿಫ್ಟ್ (ನೆಲದ ಮೇಲಿನ ರಾಡನ್ನು ಎತ್ತಿ ನಿಲ್ಲೋದು) ಎತ್ತಲು ಹೋಗಿ ಕಣ್ಣು ಕತ್ತಲೆ ಬಂದು ಕೂರೋದು. ಆ ದಿನಗಳಲ್ಲಿ ರಾಡಿನ ಭಾರ ಹಾಗೇ ಇರಲಿ, ಸೆಟ್ಟು ಅರ್ಧ ಮಾಡಬೇಕು. ಗಳಿಸಿದ ಬಲ ಉಳಿಸಿಕೊಳ್ಳಲು ಅಷ್ಟು ಸಾಕು. ಊಟಕ್ಕೆ ಒಂದೆರಡು ಗಂಟೆ ಮುಂಚೆ ವ್ಯಾಯಾಮ, ನೀರಿಗೆ ಚಿಟಿಕೆ ಉಪ್ಪು. ಮಾಂಸ ಬಿಟ್ಟರೆ ಪ್ರೋಟೀನ್ ಎಲ್ಲಿಂದ ಅನ್ನುವ ಗೋಳು ಬೆಳಗಾವಿಯಲ್ಲಿ ನಡೆಯೋದಿಲ್ಲ. ರೊಟ್ಟಿ, ಮಡಕಿಕಾಳು ಪಲ್ಯ, ಗಟ್ಟಿ ಮೊಸರು ಇವೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಜೊತೆಗೆ ಐನೂರಕ್ಕೂ ಮಿಕ್ಕಿದ ಕ್ಯಾಲರಿ. ಆದ್ದರಿಂದ ಶೇಂಗಾ ಚಟ್ನಿಯನ್ನು ಚಟ್ನಿಯ ಹಾಗೇ ತಿನ್ನಬೇಕು, ಪಲ್ಯದ ಹಾಗಲ್ಲ. ಕುಂದಾ ಬಿಡ್ತೀನಿ ಅಂತ ಹರಕೆ ಹೊತ್ತು ಕರದಂಟಿಗೆ ಕೈ ಹಾಕೋರ ಬಗ್ಗೆ ಮಾತಾಡೋದೇ ಬೇಡ.

ದೇಹಸಾಧನೆಯಿಂದ ಸ್ವಲ್ಪವೇ ಪ್ರಯೋಜನ ಅಂತ ತಿಮೊಥೆಯನಿಗೆ ಬರೆದ ಪತ್ರ ತೋರಿಸಿ ಜಿಮ್ಮಿನವರನ್ನು ಹೀಯಾಳಿಸುವ ಸಭೆಯ ಹಿರಿಯರೂ ಇದ್ದಾರೆ. ಸ್ವಲ್ಪ ಅಂದರೆ ಸೊನ್ನೆ ಅಲ್ಲವಲ್ಲ. ಬಾಸ್ಕೆಟ್‌ಬಾಲ್ ಹುಟ್ಟಿದ್ದೇ 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ. ಜೇಮ್ಸ್ ನೈಸ್ಮಿತ್ ಬಾಲ್ಕನಿಯ ಕಟಾಂಜನಕ್ಕೆ ಹೊಡೆಸಿದ್ದು ಪೀಚ್ ಹಣ್ಣಿನ ಬುಟ್ಟಿ, ಅದಕ್ಕೆ ತಳ ಇತ್ತು. ಚೆಂಡು ಒಳಗೆ ಬಿದ್ದಾಗಲೆಲ್ಲ ಯಾರಾದರೂ ಏಣಿ ಹತ್ತಿ ತೆಗೆಯಬೇಕಿತ್ತು. ನೈಸ್ಮಿತ್‌ನ ಹೆಸರು ಉಳಿಯಿತು, ಏಣಿ ಹತ್ತಿದವರ ಹೆಸರು ಯಾರಿಗೂ ಬೇಡವಾಯಿತು. ನಮ್ಮ ಜಿಮ್ಮಿನಲ್ಲೂ ರಾತ್ರಿ ಹತ್ತಕ್ಕೆ ಶಟರ್ ಎಳೆಯುವ ಮುಂಚೆ ಒಬ್ಬ ಹುಡುಗ ಎಲ್ಲರ ಪ್ಲೇಟುಗಳನ್ನೂ ಎತ್ತಿಡುತ್ತಾನೆ. ಇಡೀ ಜಿಮ್ಮಿನಲ್ಲಿ ದಿನಕ್ಕೆ ಅತಿ ಹೆಚ್ಚು ಭಾರ ಎತ್ತೋನು ಅವನೇ. ಕನ್ನಡಿ ಮುಂದೆ ನಿಂತಿದ್ದನ್ನು ಯಾರೂ ನೋಡಿಲ್ಲ.

ಹಳೇ ತಾಲೀಮುಗಳಲ್ಲಿ ಹೀಗಿರಲಿಲ್ಲ. ಕುಸ್ತಿ ಮುಗಿಸಿದವನೇ ಸಲಿಕೆ ಹಿಡಿದು ಕೆಂಪು ಮಣ್ಣು ಕೆದಕಿ, ಮಟ್ಟ ಮಾಡಿ, ಮುಂದಿನ ಜೋಡಿಗೆ ಬಿಟ್ಟು ಬರುತ್ತಿದ್ದ. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಮಣ್ಣು ಅದು. ಅದನ್ನು ತುಳಿದು ಹಾಗೇ ಎದ್ದು ಹೋದರೆ ವಸ್ತಾದ್ ಬಾಯಿ ಬಿಟ್ಟು ಬೈಯುವ ಮೊದಲೇ ಕಿವಿ ಕೆಂಪಾಗುತ್ತಿತ್ತು. ಈಗ ಗೋಡೆಯ ಮೇಲೆ "ದಯವಿಟ್ಟು" ಅಂತ ಶುರುವಾಗುವ ಬೋರ್ಡಿದೆ. ಬ್ರದರ್ ಅದಕ್ಕೇ ಟವೆಲ್ ನೇತುಹಾಕಿದ್ದಾನೆ.

ಹೊಟ್ಟೆ ಉರಿಯೋದು ಭಾನುವಾರ. ಆರಾಧನೆ ಮುಗಿದ ಮೇಲೆ ಇದೇ ಬ್ರದರ್ ಪ್ಲಾಸ್ಟಿಕ್ ಕುರ್ಚಿಗಳನ್ನು ಆರಾರು ಪೇರಿಸಿ, ಎರಡೂ ಕೈಯಲ್ಲಿ ಎತ್ತಿ, ಸ್ತ್ರೀ ಸಮಾಜದ ಅಕ್ಕಂದಿರ ಮುಂದೆಯೇ ಹಾದು ಹೋಗಿ ಗೋಡೆಗೆ ಸಾಲಾಗಿ ಇಡುತ್ತಾನೆ. ಸಾಲು ಒಂದಿಂಚು ಸೊಟ್ಟಗಾದರೂ ತಿರುಗಿ ಬಂದು ಸರಿ ಮಾಡುತ್ತಾನೆ. "ಭಾಳ ಸೇವಾ ಮನೋಭಾವದ ಹುಡುಗ" ಅಂತ ಅಯ್ಯನವರು ಮೈಕಿನಲ್ಲೇ ಹೇಳಿದ್ದುಂಟು. ಒಂದು ಕುರ್ಚಿ ಎರಡೂವರೆ ಕೆಜಿ ಇದ್ದೀತು.

ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತ ಅನ್ನುವ ಮಾತು ಒಂದೂಕಾಲು ಕೆಜಿ ಪ್ಲೇಟಿಗೆ ಹೇಳಿ ಮಾಡಿಸಿದ್ದು. ಆ ಕಡೆ ಒಂದು, ಈ ಕಡೆ ಒಂದು, ವಾರಕ್ಕೆ ಎರಡೂವರೆ ಕೆಜಿ ಏರಿಸುತ್ತಾ ಹೋಗೋದೇ ಬಲದ ಇಡೀ ಗುಟ್ಟು. ಬೈಬಲಿನ ಬಡ ವಿಧವೆ ಕಾಣಿಕೆ ಹಾಕಿದ ಎರಡು ಕಾಸಿನ ಹಾಗೆ. ಅವೆರಡು ಸಿಗದೆ ನೇರ ಐದರ ಪ್ಲೇಟಿಗೆ ಜಿಗಿದವರು ಹತ್ತು ಕೆಜಿ ಒಮ್ಮೆಗೇ ಏರಿಸಿ ಭುಜ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಜಿಮ್ಮಿನಲ್ಲಿ ಅಂಥ ಪ್ಲೇಟುಗಳು ಎರಡೇ ಎರಡು. ಒಂದು ಬಾತ್‌ರೂಮಿನ ಬಾಗಿಲಿಗೆ ಆನಿಸಿದೆ. ಇನ್ನೊಂದು ಬ್ರದರ್‌ನ ಮೊಬೈಲಿಗೆ ಸ್ಟ್ಯಾಂಡು.

ಕೊನೆಗೂ ಇವತ್ತು ಟೀಚರ್ ಅಕ್ಕಾರೇ ಹೋಗಿ ಕೇಳಿದರು. "ತಮ್ಮಾ, ಆ ಪ್ಲೇಟ್ ಒಂಚೂರು ತಗದಿಡ್ತೀಯೇನಪಾ? ನನಗ ನಡಾ ಹಿಡೀತೈತಿ."

ಬ್ರದರ್ ಮೊಬೈಲಿನಿಂದ ಕಣ್ಣೆತ್ತಿ, ತುಂಬಾ ಕಳಕಳಿಯಿಂದ ಕೈ ಮುಗಿದ. "ಹೌದೇನ್ರಿ ಅಕ್ಕಾರ? ನಡಾ ನೋವಿಗೆ ಖಂಡಿತ ಪ್ರಾರ್ಥನಾ ಮಾಡ್ತೀನ್ರಿ."