ಮೊದಲ ಹಣ ಸೈಲೆನ್ಸರ್‌ಗಲ್ಲ

ಕಾರ್ ರೇಸಿಂಗ್‌ಗೆ ಇಳಿಯಬೇಕೆಂದಿರುವ ಹುಡುಗರು, ಹುಡುಗಿಯರು ನನ್ನನ್ನು ಮೊದಲು ಕೇಳುವುದು ಎಂಜಿನ್ ಬಗ್ಗೆ. ಯಾವ ಸೈಲೆನ್ಸರ್ ಹಾಕಿಸಲಿ, ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ರೀಮ್ಯಾಪ್ ಮಾಡಿಸಿದರೆ ಎಷ್ಟು ಶಕ್ತಿ ಏರುತ್ತದೆ, ಇಂಥವೇ ಪ್ರಶ್ನೆಗಳು. ನನ್ನ ಅಭಿಪ್ರಾಯ ಖಡಾಖಂಡಿತ: ಮೊದಲ ವರ್ಷ ಎಂಜಿನ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹಳೆಯ ಆಲ್ಟೊ ಅಥವಾ ಸ್ವಿಫ್ಟ್ ಇದ್ದರೆ ಅದನ್ನೇ ತೆಗೆದುಕೊಂಡು, ಮಣ್ಣಿನ ಟ್ರ್ಯಾಕಿನಲ್ಲಿ ಗಡಿಯಾರದೊಂದಿಗೆ ಸ್ಪರ್ಧಿಸುವ ಆಟೊಕ್ರಾಸ್‌ಗೆ ಹೆಸರು ಕೊಡಿ.

ರೇಸಿಂಗ್ ಶ್ರೀಮಂತರ ಆಟ ಎಂಬ ಮಾತು ರೇಸಿಗೆಂದೇ ಕಟ್ಟಿದ ಡಾಂಬರು ಟ್ರ್ಯಾಕ್, ಅಂದರೆ ಸರ್ಕ್ಯೂಟ್ ಮಟ್ಟಿಗೆ ಬಹುಪಾಲು ನಿಜ. ಕಾರನ್ನು ಟ್ರೈಲರ್ ಮೇಲೆ ಹೇರಿಕೊಂಡು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಬೇಕು. ಕಾರು ಮಗುಚಿದರೆ ಒಳಗಿನವರನ್ನು ಕಾಯುವ ರೋಲ್ ಕೇಜ್ ಚೌಕಟ್ಟು, ಬಕೆಟ್ ಸೀಟ್, ಬೆಂಕಿ ತಡೆಯುವ ಉಡುಪು, ಮೆಕ್ಯಾನಿಕ್, ಟೈರು, ವಸತಿ, ಖರ್ಚಿಗೆ ಕೊನೆಯೇ ಇಲ್ಲ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರಂತೆ ಕಾರ್ಟಿಂಗ್‌ನಿಂದ ಫಾರ್ಮುಲಾ 1ಕ್ಕೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2 ತನಕ ಹೋಗುವ ದಾರಿ ಬಾಲ್ಯದಲ್ಲೇ ಆರಂಭವಾಗುತ್ತದೆ. ನಾನು ಬರೆಯುತ್ತಿರುವುದು ಸಂಬಳದ ಕೆಲಸ ಮಾಡಿಕೊಂಡು, ಮೂವತ್ತರ ಆಸುಪಾಸಿನಲ್ಲಿ ಈ ಆಸೆ ಇಟ್ಟುಕೊಂಡವರಿಗೆ.

ಅವರಿಗೆ ನಮ್ಮ ಮಲೆನಾಡಿನಲ್ಲೇ ಬಾಗಿಲು ತೆರೆದಿದೆ. ಚಿಕ್ಕಮಗಳೂರು, ಕೊಡಗಿನ ಕಡೆ ಮಣ್ಣಿನ ಮೈದಾನದಲ್ಲೋ ಕೊಯ್ಲಾದ ಗದ್ದೆಯಲ್ಲೋ ಟ್ರ್ಯಾಕ್ ಹಾಕಿ ಆಟೊಕ್ರಾಸ್ ನಡೆಸುತ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಕಾರು. ಪಕ್ಕದಲ್ಲಿ ಬಂದು ಗುದ್ದುವವರಿಲ್ಲ, ಸ್ಪರ್ಧೆ ಗಡಿಯಾರದೊಂದಿಗೆ. ಎಂಜಿನ್‌ನ ಸಿಸಿಗೆ ತಕ್ಕಂತೆ ವಿಭಾಗಗಳಿರುವುದರಿಂದ ಆಲ್ಟೊದವರು ದೊಡ್ಡ ಕಾರಿನವರ ಎದುರು ನಿಲ್ಲಬೇಕಾಗಿಲ್ಲ.

ಮಣ್ಣು ಕಲಿಸುವಷ್ಟು ಚೆನ್ನಾಗಿ ಡಾಂಬರು ಕಲಿಸುವುದಿಲ್ಲ. ಹಿಡಿತ ಕಡಿಮೆ ಇರುವುದರಿಂದ, ಡಾಂಬರಿನ ಮೇಲೆ ನೂರರ ವೇಗದಲ್ಲಿ ಎದುರಾಗುವ ಜಾರುವಿಕೆ ಇಲ್ಲಿ ನಲವತ್ತಕ್ಕೇ ಎದುರಾಗುತ್ತದೆ. ಬ್ರೇಕ್ ಒತ್ತಿದೊಡನೆ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆ ಕ್ಷಣ ಮುಂದಿನ ಟೈರುಗಳಿಗೆ ಹಿಡಿತ ಹೆಚ್ಚು, ಹಿಂದಿನವಕ್ಕೆ ಕಡಿಮೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದಾಗ ಕಾರಿನ ಹಿಂಭಾಗ ಹೊರಗೆ ಜಾರುವುದೂ ಇದೇ ಕಾರಣಕ್ಕೆ. ಮುಂದಿನ ಚಕ್ರಗಳೇ ಜಾರತೊಡಗಿದರೆ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಿ ಪ್ರಯೋಜನವಿಲ್ಲ. ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿ, ಸ್ಟೀರಿಂಗನ್ನು ತುಸು ನೇರ ಮಾಡಿ, ಟೈರಿಗೆ ಮತ್ತೆ ನೆಲ ಸಿಗಲು ಬಿಡಬೇಕು. ಇದನ್ನು ಓದಿ ತಿಳಿಯುವುದು ಬೇರೆ, ಕೈಕಾಲಿಗೆ ಇಳಿಯುವುದು ಬೇರೆ. ಈಜಿನಂತೆ, ಇಳಿದೇ ಕಲಿಯಬೇಕು. ಎರಡರಷ್ಟು ಶಕ್ತಿಯ ಎಂಜಿನ್ ಇದ್ದರೆ ಈ ಪಾಠ ಬೇಗ ಬರುವುದಿಲ್ಲ, ತಪ್ಪುಗಳು ಬೇಗ ಬರುತ್ತವೆ, ಅಷ್ಟೇ.

ಹಾಗಾದರೆ ಹಣ ಎಲ್ಲಿಗೆ? ಟೈರಿಗೆ, ಬ್ರೇಕ್‌ಗೆ, ತಲೆಗೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಸುಮ್ಮನೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಈ ಆಯಿಲ್ ಬದಲಿಸಲು ತಗಲುವ ವೆಚ್ಚ ಸೈಲೆನ್ಸರ್‌ನ ಬೆಲೆಯ ಒಂದು ಚೂರು. ಹೆಲ್ಮೆಟ್ ಕೊಳ್ಳುವಾಗಲೂ ನೋಡಿ. ಹೆಲ್ಮೆಟ್ ಗುಣಮಟ್ಟ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ದರ್ಜೆ ಕಾರ್ ರೇಸಿಂಗ್‌ಗೆ ಮಾಡಿದ್ದು, ಅದರಲ್ಲಿ ಬೆಂಕಿ ತಡೆಯುವ ಪರೀಕ್ಷೆಯೂ ಇದೆ. ಎಂ ದರ್ಜೆ ಬೈಕಿನವರಿಗೆ. ಯಾವುದು ನಡೆಯುತ್ತದೆ ಎಂಬುದು ಆಯಾ ಸ್ಪರ್ಧೆಯ ನಿಯಮಾವಳಿಯಲ್ಲಿರುತ್ತದೆ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ನಿಮ್ಮ ಕಾರಿನ ವಿಮಾ ಪಾಲಿಸಿ ತೆರೆದು ಓದಿ. ಆಯೋಜಿತ ರೇಸ್ ಮತ್ತು ವೇಗ ಪರೀಕ್ಷೆಗೆ ಬಳಸಿದರೆ ವಿಮೆ ಅನ್ವಯಿಸದು ಎಂದು ಅದರಲ್ಲಿ ಬರೆದಿರುತ್ತದೆ. ಗದ್ದೆಯಲ್ಲಿ ಮಗುಚಿದರೆ ಪೂರ್ತಿ ಖರ್ಚು ನಿಮ್ಮದೇ. ಆದ್ದರಿಂದಲೇ ಕಂತು ಕಟ್ಟುತ್ತಿರುವ ಹೊಸ ಕಾರನ್ನು ತರಬೇಡಿ ಎನ್ನುತ್ತೇನೆ.

ಇಷ್ಟಕ್ಕೂ ಧೈರ್ಯ ಬಾರದವರು ಸಮಯ, ವೇಗ, ದೂರದ ಲೆಕ್ಕದ ಮೇಲೆ ನಡೆಯುವ ಟಿಎಸ್‌ಡಿ ರ್‍ಯಾಲಿಯಿಂದ ಆರಂಭಿಸಬಹುದು. ಅಲ್ಲಿ ವೇಗವನ್ನು ಆಯೋಜಕರೇ ನಿಗದಿ ಮಾಡುತ್ತಾರೆ. ಗಂಟೆಗೆ 36 ಕಿ.ಮೀ. ಎಂದರೆ ನಿಮಿಷಕ್ಕೆ 600 ಮೀಟರ್. ಪಕ್ಕದಲ್ಲಿ ಕುಳಿತ ನ್ಯಾವಿಗೇಟರ್ ಈ ಲೆಕ್ಕ ಹಾಕುತ್ತಲೇ ಇರಬೇಕು. ತಡವಾದರೂ ದಂಡ, ಬೇಗ ತಲುಪಿದರೂ ದಂಡ. ಗಂಡ-ಹೆಂಡತಿ, ಅಣ್ಣ-ತಂಗಿ ಜೋಡಿಯಾಗಿ ಬಂದರೆ ಬಹಳ ಸೊಗಸು.

ನನಗೆ ನಿಜವಾಗಿ ಸಂಕಟವಾಗುವುದು ನಸುಕಿನಲ್ಲಿ ಘಾಟಿ ರಸ್ತೆಗಳಲ್ಲಿ ನಡೆಯುವ ಪೈಪೋಟಿ ಕಂಡಾಗ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅದಕ್ಕೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಕಾನೂನು ಹಾಗಿರಲಿ, ಎದುರಿನಿಂದ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವನು ಈ ಸ್ಪರ್ಧೆಗೆ ಹೆಸರು ಕೊಟ್ಟವನಲ್ಲ. ಅದೇ ಹುಡುಗರಿಗೆ ಬಾವುಟ ಹಿಡಿದು ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ನಿಂತ, ಆಂಬುಲೆನ್ಸ್ ಕಾದಿರುವ ಟ್ರ್ಯಾಕ್ ಇದೆ ಎಂದು ತಿಳಿಸುವವರೇ ಇಲ್ಲ.

ಹೋಗುವ ಮನಸ್ಸಿದ್ದವರು ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆ ಪಡೆದ ಕ್ಲಬ್‌ಗಳನ್ನು ವಿಚಾರಿಸಿ, ಪರವಾನಗಿ ಯಾವುದು ಬೇಕೆಂದು ಮೊದಲೇ ಕೇಳಿ. ಒಮ್ಮೆ ಸ್ವಯಂಸೇವಕರಾಗಿ ಬಾವುಟ ಹಿಡಿದು ನಿಂತರೆ ಇನ್ನೂ ಒಳ್ಳೆಯದು, ತಿರುವಿನ ಪಕ್ಕದಲ್ಲೇ ನಿಂತು ಅನುಭವಿಗಳ ಓಟ ನೋಡಬಹುದು. ಸ್ಪರ್ಧೆಯ ದಿನ ಡಿಕ್ಕಿ ಖಾಲಿ ಮಾಡಿ, ಸ್ಟೆಪ್ನಿ, ಜಾಕ್, ಚಾಪೆ ಎಲ್ಲ ತೆಗೆದಿಡಿ, ಬ್ಯಾಟರಿಯ ಕ್ಲಾಂಪ್ ಬಿಗಿಮಾಡಿ, ಕಾರನ್ನು ಎಳೆಯುವ ಕೊಂಡಿ ಹಾಕಿಕೊಳ್ಳಿ. ಟ್ರ್ಯಾಕನ್ನು ನಡೆದು ನೋಡಲು ಬಿಟ್ಟಾಗ ಮೊಬೈಲ್ ಜೇಬಿನಲ್ಲಿಟ್ಟು, ಪ್ರತಿ ತಿರುವಿನಲ್ಲೂ ಬ್ರೇಕ್ ಎಲ್ಲಿ ಒತ್ತುತ್ತೀರಿ ಎಂಬುದನ್ನು ಗುರುತು ಮಾಡಿಕೊಳ್ಳಿ.