ನೋಡಿದ್ದಕ್ಕೂ ಕೂಲಿ ಕೊಡಬೇಕು

ಜನವರಿಯಲ್ಲಿ ತಮ್ಮ ಬೀದರ್‌ನಿಂದ ಒಂದು ಫೋಟೊ ಕಳಿಸಿದ. ಅಪ್ಪನ ಕಾರಿಗೆ ಎಂಜಿನ್ ಆಯಿಲ್ ಹಾಕುವ ಕಡೆ ಒಂದು ಢಕ್ಕನ್ ಇರುತ್ತದಲ್ಲ, ಅದರ ಒಳಗೆಲ್ಲ ಕೆನೆಬಣ್ಣದ ಅಂಟು ನೊರೆ. ಮಿಸ್ತ್ರಿ ನೋಡಿದ ಕೂಡಲೇ ಹೇಳಿದರಂತೆ: "ಹೆಡ್ ಗ್ಯಾಸ್ಕೆಟ್ ಹೋಗ್ಯಾದ್ರೀ, ನೀರು ಆಯಿಲ್‌ಗೆ ಕೂಡ್ಯಾದ. ಎಂಜಿನ್ ಬಿಚ್ಚಬೇಕು." ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ನಿನ ಮೇಲ್ಭಾಗದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಪದರ; ನೀರು, ಆಯಿಲ್ ಬೆರೆಯದಂತೆ ತಡೆಯುವುದು ಅದೇ. ಅಪ್ಪ ಹೂಂ ಅಂದೂ ಬಿಟ್ಟಿದ್ದರು. ನನಗೆ ಕೆಟ್ಟ ಸಿಟ್ಟು ಬಂತು. ಗಾಡಿ ದಿನಾ ಎಷ್ಟು ದೂರ ಓಡುತ್ತೆ ಅಂತ ಒಬ್ಬರೂ ಕೇಳಿರಲಿಲ್ಲ.

ನಾನಿರುವುದು ಕೆನಡಾದ ವಿನ್ನಿಪೆಗ್‌ನಲ್ಲಿ. ಚಳಿಗಾಲದಲ್ಲಿ ಇಲ್ಲಿ ಮೈನಸ್ 20 ದೊಡ್ಡ ಸುದ್ದಿಯಲ್ಲ. ರಾತ್ರಿ ಎಂಜಿನ್ ಬೆಚ್ಚಗಿರಲಿ ಅಂತ ಕಾರಿನ ವೈರನ್ನು ಕರೆಂಟಿಗೆ ಚುಚ್ಚಿ ಮಲಗುವ ಊರು ಇದು. ಈ ನೊರೆ ಇಲ್ಲಿ ಬಹಳ ಕಾರುಗಳಲ್ಲಿ ಕಾಣುತ್ತದೆ. ನನ್ನ ಕಾರಿನಲ್ಲಿ ಕಂಡಾಗ ಗ್ಯಾರೇಜಿನವರು ಪಾನ (ಸ್ಪ್ಯಾನರ್) ಮುಟ್ಟಲಿಲ್ಲ. ಆಫೀಸು ಎಷ್ಟು ದೂರ, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಮ್ಮಿಯಾಗುತ್ತಿದೆಯಾ ಅಂತ ಕೇಳಿದರು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದರು. ಆಯಿಲ್ ಕಂದು ಬಣ್ಣದ್ದು, ಶುದ್ಧ. ಢಕ್ಕನ್ ಒರೆಸಿ ಹಾಕಿ, ಹೈವೇ ಮೇಲೆ ಅರ್ಧ ಗಂಟೆ ಓಡಿಸಿ ಅಂದರು. ಬಿಲ್ಲು ಮಾತ್ರ ಕೊಟ್ಟರು, ಬರೀ ನೋಡಿದ್ದಕ್ಕೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್ ಇರುವ ಕಡೆಗೆ ನುಸುಳುತ್ತದೆ. ಗಾಡಿ ದೂರ ಓಡಿದರೆ ಆಯಿಲ್ 90-100 ಡಿಗ್ರಿ ಮುಟ್ಟುತ್ತದೆ, ಆ ಆವಿಯೂ ಹೊರಟುಹೋಗುತ್ತದೆ. ಐದು ನಿಮಿಷ ಓಡಿಸಿ ನಿಲ್ಲಿಸಿದರೆ? ಮೇಲಿರುವ ಢಕ್ಕನ್ ತಣ್ಣಗೇ ಇರುತ್ತದೆ. ಆವಿ ಅಲ್ಲೇ ನೀರಾಗಿ ಆಯಿಲ್ ಜೊತೆ ಕಲೆಸಿ ನೊರೆ ಕಟ್ಟುತ್ತದೆ. ಬೀದರ್‌ನ ಜನವರಿ ಬೆಳಗು ಕೆಲವು ದಿನ ಹತ್ತು ಡಿಗ್ರಿ ಆಸುಪಾಸಿಗೂ ಇಳಿಯುತ್ತದೆ. ಅಪ್ಪನ ಗಾಡಿ ಮನೆಯಿಂದ ಊರೊಳಗಿನ ಚೌಬಾರದ ತನಕ ಹೋಗಿ ಬಂದರೆ ಅದರ ದಿನ ಮುಗಿಯಿತು. ಇನ್ನೇನಾಗಬೇಕು?

ನಿಜವಾಗಿ ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಇಂಥ ಒಂದೆರಡು ಗುರುತು ಬೇರೆ ಕಡೆಯೂ ಸಿಗುತ್ತವೆ. ಡಿಪ್‌ಸ್ಟಿಕ್‌ನಲ್ಲೇ ಆಯಿಲ್ ಹಾಲಿನ ಚಹಾದ ಬಣ್ಣಕ್ಕೆ ತಿರುಗಿರಬಹುದು. ಕೂಲೆಂಟ್ ಸುಮ್ನೆ ಕಮ್ಮಿಯಾಗುತ್ತಿರುತ್ತದೆ, ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಲೇ ಇರುತ್ತವೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ, ಅದಕ್ಕೊಂದು ಸಿಹಿ ವಾಸನೆ. ಟೆಂಪರೇಚರ್ ಮುಳ್ಳು ಏರುತ್ತದೆ. ಇನ್ನೂ ಅನುಮಾನ ಇದ್ದರೆ ಕೂಲೆಂಟ್ ಟ್ಯಾಂಕಿನ ಬಾಯಿಗೆ ನೀಲಿ ದ್ರವದ ನಳಿಗೆ ಹಿಡಿದು ನೋಡುತ್ತಾರೆ. ಎಂಜಿನ್ನಿನ ಉರಿದ ಗಾಳಿ ಅಲ್ಲಿಗೆ ಬರುತ್ತಿದ್ದರೆ ದ್ರವ ಹಳದಿಯಾಗುತ್ತದೆ. ಇಷ್ಟಕ್ಕೆ ಎಂಜಿನ್ ಬಿಚ್ಚುವುದು ಬೇಕಾ?

ತಮ್ಮನಿಗೆ ಫೋನಿನಲ್ಲೇ ಹೇಳಿದೆ. ಎಂಜಿನ್ ತಣ್ಣಗಿದ್ದಾಗ ಕೂಲೆಂಟ್ ಮಟ್ಟಕ್ಕೆ ಗುರುತು ಹಾಕು, ಢಕ್ಕನ್ ಒರೆಸು, ದೂರದ ಹುಮನಾಬಾದ್‌ಗೆ ಹೋಗಿ ಬಾ. ಹೋಗಿ ಬಂದ. ಮಾರನೇ ದಿನ ಮಟ್ಟ ಹಾಗೇ ಇತ್ತು, ಡಿಪ್‌ಸ್ಟಿಕ್ ಶುದ್ಧ, ಢಕ್ಕನ್‌ನಲ್ಲಿ ನೊರೆ ಇಲ್ಲ. ಮಿಸ್ತ್ರಿಯನ್ನೇ ಕರೆದು ತೋರಿಸಿ, ಬಂದು ನೋಡಿದ್ದಕ್ಕೆ ರೊಕ್ಕ ಕೊಡು ಅಂದೆ. ಅವರು ತಗೊಳ್ಳಲೇ ಇಲ್ಲವಂತೆ. "ಏನೂ ಕೆಲ್ಸಾನೇ ಮಾಡಿಲ್ಲ, ಯಾತರ ರೊಕ್ಕ?"

ನನ್ನ ತಕರಾರು ಇರುವುದೇ ಇಲ್ಲಿ, ಮತ್ತು ಅದು ಮಿಸ್ತ್ರಿಗಿಂತ ಜಾಸ್ತಿ ನಮ್ಮ ಮೇಲೆ. ನಮ್ಮೂರಲ್ಲಿ ಬಿಚ್ಚಿದ್ದಕ್ಕೆ, ಹೊಸ ಸಾಮಾನು ಹಾಕಿದ್ದಕ್ಕೆ ಕೂಲಿ. ಯೋಚಿಸಿದ್ದಕ್ಕೆ, ಏನೂ ಆಗಿಲ್ಲ ಅಂತ ಪತ್ತೆ ಹಚ್ಚಿದ್ದಕ್ಕೆ ಯಾರೂ ಒಂದು ಪೈಸೆ ಬಿಚ್ಚುವುದಿಲ್ಲ. ಮನೆ ನಡೆಯಬೇಕಾದ ಮನುಷ್ಯ ಪಾನ ಎತ್ತದೆ ಏನು ಮಾಡಬೇಕು?

ಅವರ ಊಹೆಗೂ ಆಧಾರ ಇಲ್ಲದಿಲ್ಲ, ಒಪ್ಪಬೇಕು. ನಮ್ಮ ಕಡೆ ಬೇಸಿಗೆ ನಲವತ್ತು ದಾಟುತ್ತದೆ. ಕೂಲೆಂಟ್ ಬದಲು ಬೋರಿನ ನೀರು ಹಾಕಿಕೊಂಡು ಓಡಿದ ಗಾಡಿಗಳು ಕಾದು ಹೆಡ್ ಸೊಟ್ಟಗಾಗಿಯೇ ಅವರ ಹತ್ತಿರ ಬರುತ್ತವೆ. ಚಳಿಯ ನೊರೆ ಅವರು ಕಾಣುವುದು ಕಮ್ಮಿ.

ಇನ್ನೊಂದನ್ನೂ ಹೇಳಬೇಕು. ಇಲ್ಲಿ ನಮ್ಮ ಪಕ್ಕದ ಮನೆಯವರ ಹಳೇ ಕಾರಿಗೆ ನಿಜಕ್ಕೂ ಗ್ಯಾಸ್ಕೆಟ್ ಹೋಯಿತು. ಕಾರಿನ ಬೆಲೆಗಿಂತ ಕೂಲಿಯೇ ಜಾಸ್ತಿ ಅಂತ ಅದನ್ನು ಗುಜರಿಗೆ ಹಾಕಿದರು. ಬೀದರ್‌ನಲ್ಲಾಗಿದ್ದರೆ ಅದೇ ಮಿಸ್ತ್ರಿ ಹೆಡ್ ಇಳಿಸಿ, ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿ (ಸೊಟ್ಟಗಾದ ಮೈ ಸಪಾಟು ಮಾಡಿಸಿ), ಹೊಸ ಗ್ಯಾಸ್ಕೆಟ್ ಕೂರಿಸಿ ಗಾಡಿಯನ್ನು ಮತ್ತೆ ರೋಡಿಗೆ ಇಳಿಸುತ್ತಿದ್ದರು.