ಫೋನಾದ್ರೆ ಒಳಗ್ ಬನ್ನಿ, ಕ್ಯಾಮೆರಾ ಆದ್ರೆ ಲೆಟರ್ ತನ್ನಿ

ಇನ್ನೊಂದು ಫೋನ್ ಬಂತಂತೆ, 200 ಮೆಗಾಪಿಕ್ಸೆಲ್ಲಂತೆ. ಪೇಪರ್ ಬಿಚ್ಚಿದ್ರೆ ಮೊದಲ ಪುಟ ಪೂರ್ತಿ ಅದೇ, ಸುದ್ದಿ ಬೇಕಂದ್ರೆ ಮೂರನೇ ಪುಟಕ್ಕೆ ಹೋಗಿ. ಇಷ್ಟೆಲ್ಲ ಇರೋವಾಗ ಇನ್ನು ಕ್ಯಾಮೆರಾ ಯಾಕೆ ಬೇಕು ಅಂತ ಕೇಳ್ತಾರೆ. ಯಾಕೆ ಅಂದ್ರೆ ಸ್ವಾಮಿ, ಫೋನಿನ ಜಾಹೀರಾತು ತೆಗೀಬೇಕಲ್ಲ!

ತಮಾಷೆಗೆ ಹೇಳ್ತಿಲ್ಲ. 2016ರಲ್ಲಿ ಹುವಾವೇ ಕಂಪನಿ ತನ್ನ ಪಿ9 ಫೋನನ್ನ ಹೊಗಳ್ತಾ ಒಂದು ಚಂದದ ಸೂರ್ಯೋದಯದ ಫೋಟೋ ಹಾಕ್ತು, ಜನ ಫೈಲಿನ ಡೀಟೇಲ್ಸ್ ತೆಗೆದು ನೋಡಿದ್ರೆ ಕ್ಯಾನನ್ 5ಡಿ ಮಾರ್ಕ್ 3 ಅನ್ನೋ ದೊಡ್ಡ ಕ್ಯಾಮೆರಾದ ಹೆಸರು ಬರ್ದಿತ್ತು. ಆಮೇಲೆ 2018ರಲ್ಲಿ ಅದೇ ಕಂಪನಿಯ ನೋವಾ 3 ಸೆಲ್ಫಿ ಜಾಹೀರಾತು, ಅದ್ರಲ್ಲಿದ್ದ ಈಜಿಪ್ಟಿನ ನಟಿ ಪಾಪ ಶೂಟಿಂಗ್ ಸ್ಪಾಟಿನ ಫೋಟೋನ ತಾವೇ ಇನ್‌ಸ್ಟಾಗ್ರಾಮಲ್ಲಿ ಹಾಕ್ಬಿಟ್ರು, ಸೆಲ್ಫಿ ತೆಗೀತಿದ್ದ ಹೀರೋ ಬರೀ ಕೈ ಚಾಚಿ ನಿಂತಿದಾನೆ, ಕೈಯಲ್ಲಿ ಫೋನೇ ಇಲ್ಲ, ಎದುರಿಗೆ ಇನ್ನೊಬ್ಬ ಡಿಎಸ್‌ಎಲ್‌ಆರ್ ಅನ್ನೋ ದೊಡ್ಡ ಕ್ಯಾಮೆರಾ ಹಿಡ್ಕೊಂಡು ನಿಂತಿದಾನೆ! ಗಾಳೀಲಿ ಸೆಲ್ಫಿ ತೆಗೆಯೋ ಟೆಕ್ನಾಲಜಿ ಕಂಡುಹಿಡಿದಿದ್ದಕ್ಕೆ ಒಂದು ನೊಬೆಲ್ ಕೊಡಬೇಕಿತ್ತು.

ಇನ್ನು ಸ್ಯಾಮ್‌ಸಂಗ್ ಫೋನಿನ ಚಂದ್ರನ ಕಥೆ. 2023ರಲ್ಲಿ ಒಬ್ಬ ಪುಣ್ಯಾತ್ಮ ಚಂದ್ರನ ಚಿತ್ರನ ಬೇಕಂತಲೇ ಮಸುಕು ಮಾಡಿ, ಕಂಪ್ಯೂಟರ್ ಸ್ಕ್ರೀನ್ ಮೇಲಿಟ್ಟು, ಕತ್ತಲ ರೂಮಲ್ಲಿ ದೂರ ನಿಂತು ಸ್ಯಾಮ್‌ಸಂಗ್ ಫೋನಲ್ಲಿ ಕ್ಲಿಕ್ ಮಾಡಿದ. ಸ್ಕ್ರೀನಲ್ಲಿ ಇಲ್ಲದ ಚಂದ್ರನ ಕುಳಿಗಳನ್ನೆಲ್ಲ ಫೋನು ತಾನೇ ತುಂಬಿಸಿ ಕೊಡ್ತು. ಇದು ಫೋಟೋ ಅಲ್ಲ ಕಣ್ರೀ, ಹುಡುಗನ ಕಡೆಯವ್ರು ಹೇಳೋ ಸಂಬಳ.

ಆ 200 ಮೆಗಾಪಿಕ್ಸೆಲ್ಲೂ ಅಷ್ಟೇ. ಮಾಮೂಲಿ ಸೆಟ್ಟಿಂಗಲ್ಲಿ ಹದಿನಾರು ಪಿಕ್ಸೆಲ್ ಸೇರಿಸಿ ಒಂದು ಮಾಡಿ ಕೊಡೋದು 12 ಚಿಲ್ಲರೆ. ಅದನ್ನ ನಾವು ಫ್ಯಾಮಿಲಿ ಗ್ರೂಪಿಗೆ ಹಾಕ್ತೀವಿ, ವಾಟ್ಸಾಪು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತೆ, ಚಿಕ್ಕಮ್ಮ ಓಪನ್ನೂ ಮಾಡ್ದೆ ಸೂಪರ್ ಅಂತಾರೆ. ಇನ್ನು ಹದಿನೈದು ಸಾವಿರದ ಫೋನುಗಳ ಬೆನ್ನ ಮೇಲೆ ನಾಲ್ಕು ಕಣ್ಣು ಇರ್ತಿತ್ತಲ್ಲ, ಎಷ್ಟೋದ್ರಲ್ಲಿ ಎರಡು ಬರೀ 2 ಮೆಗಾಪಿಕ್ಸೆಲ್ಲು, ಒಂದು ತೀರಾ ಹತ್ತಿರದ್ದು ತೆಗೆಯೋ ಮ್ಯಾಕ್ರೋ, ಒಂದು ಹಿನ್ನೆಲೆ ಮಸುಕು ಮಾಡೋಕೆ ಅಂತ ಇಟ್ಟ ಡೆಪ್ತು. ದೃಷ್ಟಿಬೊಟ್ಟು ಅಂತ ಬಾಕ್ಸ್ ಮೇಲೆ ಬರೆದಿದ್ರೆ ಮರ್ಯಾದೆ ಆದ್ರೂ ಉಳೀತಿತ್ತು.

ಈಗ ಕಾಲೇಜು ಹುಡುಗ್ರು ಏನ್ಮಾಡ್ತಿದಾರೆ ಗೊತ್ತಾ, ಫೋನ್ ಫೋಟೋ ತುಂಬಾ ಕ್ಲಿಯರ್ ಆಗೋಯ್ತು ಬೋರು ಅಂತ, ನಮ್ಮ ಬೀರುವಲ್ಲಿ ಬ್ಯಾಟರಿ ಊದ್ಕೊಂಡು ಬಿದ್ದಿರೋ ಹಳೇ ಸೈಬರ್‌ಶಾಟು, ಪವರ್‌ಶಾಟು ಥರದ ಪುಟ್ಟ ಕ್ಯಾಮೆರಾಗಳನ್ನೆಲ್ಲ ಡಿಜಿಕ್ಯಾಮ್ ಅಂತ ಹೆಸರಿಟ್ಟು ದುಡ್ಡು ಕೊಟ್ಟು ತಗೋತಿದಾರೆ. ಮುಖಕ್ಕೆ ಫ್ಲಾಶ್ ಹೊಡೆದು ಕಣ್ಣು ಕೆಂಪಗೆ ಬಂದ್ರೆ ಅದು ವೈಬ್ ಅಂತೆ. ಅದೇ ಕೆಂಪು ಕಣ್ಣಿಗೆ ನಮ್ಮ ಮದುವೆ ಆಲ್ಬಮ್ಮಲ್ಲಿ ಸ್ಟುಡಿಯೋದವ್ರಿಗೆ ಬೈದಿದ್ವಿ.

ಇರ್ಲಿ, ಅಸಲು ವಿಷಯಕ್ಕೆ ಬರ್ತೀನಿ. ನಮ್ಮೂರು ಬೆಂಗಳೂರಿನ ಒಂದು ಪಾರ್ಕಿನ ಗೇಟು, ಸೆಕ್ಯೂರಿಟಿಯಣ್ಣ ನನ್ನ ತಡೆದ.

"ಸಾರ್, ಕ್ಯಾಮೆರಾ ಅಲೋ ಇಲ್ಲ."

"ಅಲ್ಲಿ ರೀಲ್ಸಿನವ್ರು ತೆಗೀತಿದಾರಲ್ಲಪ್ಪ?"

"ಅದು ಫೋನು ಸಾರ್."

ಆ ಫೋನು ಒಂದೂಕಾಲು ಲಕ್ಷದ್ದು. ನನ್ನ ಕ್ಯಾಮೆರಾ 2018ರಲ್ಲಿ ಬಂದ ಕ್ಯಾನನ್ 1500ಡಿ, ಅದ್ರ ಮೂರರಲ್ಲಿ ಒಂದು ಪಾಲೂ ಬಾಳಲ್ಲ. ಆದ್ರೂ ನಾನು ಪ್ರೊಫೆಷನಲ್ಲು, ಅವ್ರು ಪಬ್ಲಿಕ್ಕು. ಅವ್ರ ಹತ್ರ ಫೋನ್ ಅಲುಗಾಡದ ಹಾಗೆ ಹಿಡಿಯೋ ಗಿಂಬಲ್ ಇದೆ, ರಿಂಗ್ ಲೈಟ್ ಇದೆ, ಬ್ಲೂಟೂತ್ ಸ್ಪೀಕರಲ್ಲಿ ಹಾಡಿದೆ, ಹೂವಿನ ಮಡಿ ತುಳ್ಕೊಂಡು ಅದೇ ಸ್ಟೆಪ್ಪನ್ನ ಎಂಟನೇ ಸಲ ಕುಣೀತಿದಾರೆ, ವಾಕಿಂಗ್ ಬಂದ ಅಜ್ಜ ಫ್ರೇಮಿಗೆ ಅಡ್ಡ ಬರ್ಬಾರ್ದು ಅಂತ ನಿಂತು ಕಾಯ್ತಿದಾರೆ. ಆ ರೀಲ್ಸಿಂದ ಅವ್ರಿಗೆ ದುಡ್ಡು ಬರುತ್ತೆ, ನಂಗೆ ಕ್ಯಾಮೆರಾದಿಂದ ಇಲ್ಲೀವರೆಗೆ ಬಂದಿರೋದು ಕುತ್ತಿಗೆ ನೋವು ಮಾತ್ರ. ಆದ್ರೆ ಕಮರ್ಷಿಯಲ್ ಯಾರು ಅಂದ್ರೆ ನಾನೇ.

ಎಲ್ಲಾ ಕಡೆ ಇದೇ. ಹಳೇ ದೇವಸ್ಥಾನ ಕೋಟೆಗಳಿಗೆ ಹೋಗಿ, ಕ್ಯಾಮೆರಾ ಕೈಯಲ್ಲಿದ್ರೆ ಪ್ರವಾಸಿ, ಮೂರು ಕಾಲಿನ ಸ್ಟ್ಯಾಂಡ್ ಮೇಲಿಟ್ರೆ ಸಿನಿಮಾದವ್ರು, ಮೊದಲೇ ಪರ್ಮಿಷನ್ ಬೇಕು. ಕೆಲವು ಸಫಾರೀಲಿ ಲೆನ್ಸ್ ಎಷ್ಟುದ್ದ ಅಂತ ನೋಡಿ ಫೀಸು. ಈಗ ವಿವೋ, ಒಪ್ಪೋದವ್ರು ದೂರದ್ದನ್ನ ಹತ್ತಿರ ತೋರಿಸೋಕೆ ಫೋನಿಗೇ ಸಿಗಿಸೋ ಟೆಲಿ ಲೆನ್ಸಿನ ಕೊಳವೆ ಮಾರ್ತಿದಾರಲ್ಲ, ಅದನ್ನ ಕೌಂಟರಲ್ಲಿ ಯಾವ ಲೆಕ್ಕಕ್ಕೆ ಹಾಕ್ತಾರೋ!

ಫೋನ್ ಕೆಟ್ಟದು ಅಂತಿಲ್ಲ. ಮಗು ಮೊದಲ ಹೆಜ್ಜೆ ಇಟ್ಟಾಗ ಲೆನ್ಸ್ ಕ್ಯಾಪ್ ಹುಡುಕ್ತಾ ಕೂರೋಕಾಗಲ್ಲ, ಕತ್ತಲಲ್ಲಿ ಹಲವು ಫ್ರೇಮ್ ಸೇರಿಸಿ ಅದು ಮಾಡೋ ಕೆಲ್ಸ ಕ್ಯಾಮೆರಾ ಜೊತೆ ಬಂದ ನನ್ನ ಕಿಟ್ ಲೆನ್ಸಿಗೆ ಬರಲ್ಲ. ಆದ್ರೆ ಆ ಬಡ 1500ಡಿ ಒಳಗಿನ ಬೆಳಕು ಹಿಡಿಯೋ ಸೆನ್ಸರ್ ಎಷ್ಟೋ ದುಬಾರಿ ಫೋನುಗಳ ಮೇನ್ ಸೆನ್ಸರಿಗಿಂತ ನಾಲ್ಕು ಪಟ್ಟಿಗಿಂತ ಜಾಸ್ತಿ ದೊಡ್ಡದು, ಬೆಳಕು ಎಷ್ಟು ಹೊತ್ತು, ಎಷ್ಟು ಒಳಗೆ ಬರ್ಬೇಕು ಅಂತ ಶಟರ್ರು ಅಪರ್ಚರ್ರು ಕೈಯಾರೆ ತಿರುಗಿಸಿ ಕಲಿಯೋಕೆ ಅದು ಅಗ್ಗದ ಮೇಷ್ಟ್ರು. ಸೆಕೆಂಡ್ ಹ್ಯಾಂಡ್ ಆದ್ರೆ ಇನ್ನೂ ಅಗ್ಗ.

ಕಲಿಯೋಕೆ ಜಾಗ ಎಲ್ಲಿದೆ ಹೇಳಿ? ಪಾರ್ಟ್ ಟೈಮ್ ದುಡಿದು ಹಳೇ ಕ್ಯಾಮೆರಾ ತಗೊಂಡ ಹುಡುಗ ಭಾನುವಾರ ಬೆಳಗ್ಗೆ ಒಂದು ಕಿಂಗ್‌ಫಿಷರ್ ಹಕ್ಕಿ ಹಿಂದೆ ಬಿದ್ದಿರ್ತಾನೆ, ಪಾರ್ಕಿನವ್ರು ನೀವು ಆ ಹುಡುಗನ್ನ ಕಳ್ಳನ ಥರ ನಿಲ್ಸಿ ಬ್ಯಾಗ್ ತೆಗೆಸಿ ಶೂಟಿಂಗ್ ಫೀಸ್ ಕಟ್ಟು ಅಂತೀರಿ. ಕಾಡುಪ್ರಾಣಿ, ಹಕ್ಕಿಗಳ ಫೋಟೋಗೆ ಹೆಸರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಥರದವ್ರು ಇದ್ದ ಊರು ಇದು. ತೇಜಸ್ವಿ ಹಕ್ಕಿ ಫೋಟೋ ತೆಗೀತಿದ್ರು ಅಂತ ಭಾಷಣ ಮಾಡೋವಾಗ ಎಲ್ರಿಗೂ ನೆನಪಾಗುತ್ತೆ, ಅವ್ರೇ ಇವತ್ತು ಈ ಗೇಟಿಗೆ ಬಂದ್ರೆ ಲೆನ್ಸ್ ದೊಡ್ಡದಾಯ್ತು ಸಾರ್ ಅಂತ ವಾಪಸ್ ಕಳಿಸ್ತಿದ್ರಿ. ಗಿಡ ತುಳಿದ್ರೆ ಫೈನ್ ಹಾಕಿ, ದಾರಿ ಕಟ್ಟಿದ್ರೆ ಎಬ್ಬಿಸಿ, ಕೈಯಲ್ಲಿ ಏನೇ ಇರ್ಲಿ. ಅಷ್ಟು ಮಾಡೋಕೆ ಏನ್ ಕಷ್ಟ?

ಸೆಕ್ಯೂರಿಟಿಯಣ್ಣನ ಮೇಲೆ ಸಿಟ್ಟಿಲ್ಲ, ಹನ್ನೆರಡು ಗಂಟೆ ಡ್ಯೂಟಿ ಅವ್ರದು, ಹೇಳಿದ್ದು ಮಾಡ್ತಾರೆ. ರೂಲ್ ಬರೆದ ಸಾಹೇಬ್ರ ಜೇಬಲ್ಲಿ ಯಾವ ಫೋನಿದೆ ಅಂತ ಒಂದ್ಸಲ ನೋಡ್ಬೇಕು ನಂಗೆ.